ಜಾಗಿಂಗ್ ಕ್ಯಾಲೊರಿಗೆ ಬೆವರು ಅಳತೆಯಲ್ಲ

ತರಬೇತಿಗೆ ಬರುವವರು ಒದ್ದೆ ಅಂಗಿ ಹಿಂಡಿ ತೋರಿಸುತ್ತಾರೆ. ‘ಎಷ್ಟು ಬೆವರಿದ್ದೀನಿ ನೋಡಿ ಸರ್, 500 ಕ್ಯಾಲೊರಿ ಆದ್ರೂ ಹೋಗಿರುತ್ತೆ ಅಲ್ವಾ?’ ಎಷ್ಟು ದೂರ ಓಡಿದಿರಿ ಅಂತ ಕೇಳಿದರೆ ಗೊತ್ತಿರುವುದಿಲ್ಲ. ನೋಡಬೇಕಾಗಿದ್ದದ್ದೇ ಅದನ್ನು!

ಬೆವರು ಮೈ ತಣ್ಣಗಾಗಲು ಬರುವ ನೀರು. ಸೆಕೆ ಇದ್ದ ದಿನ ಕಡಿಮೆ ಓಡಿದರೂ ಜಾಸ್ತಿ ಬೆವರುತ್ತೇವೆ. ಓಡಿ ಬಂದ ತಕ್ಷಣ ತೂಕದಲ್ಲಿ ಅರ್ಧ ಕೆಜಿ ಇಳಿದಿದ್ದರೆ ಅದೂ ಬಹುತೇಕ ನೀರೇ. ಎರಡು ಲೋಟ ಕುಡಿದರೆ ವಾಪಸ್.

ಲೆಕ್ಕ ಸುಲಭ. ಸಮತಟ್ಟಾದ ದಾರಿಯಲ್ಲಿ ಓಡುವಾಗ ಒಂದು ಕೆಜಿ ದೇಹತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು 1 ಕ್ಯಾಲೊರಿ. 60 ಕೆಜಿಯವರು 5 ಕಿ.ಮೀ. ಓಡಿದರೆ ಸುಮಾರು 300, 80 ಕೆಜಿಯವರಾದರೆ 400. ಓಡುವ ರೀತಿಯ ಮೇಲೆ ಸ್ವಲ್ಪ ಆಚೀಚೆ ಆಗಬಹುದು. ಏರು ದಾರಿ, ಮರಳು ಇದ್ದರೆ ಹೆಚ್ಚು.

ಇದರಲ್ಲಿ ವೇಗ ಬರಲೇ ಇಲ್ಲವಲ್ಲ ಅಂತ ಎಲ್ಲರೂ ಕೇಳುತ್ತಾರೆ. ಬರುವುದಿಲ್ಲ. ಅದೇ 60 ಕೆಜಿಯವರು 5 ಕಿ.ಮೀ.ಯನ್ನು 30 ನಿಮಿಷದಲ್ಲಿ ಓಡಿದರೆ ನಿಮಿಷಕ್ಕೆ 10 ಕ್ಯಾಲೊರಿ. 40 ನಿಮಿಷ ತೆಗೆದುಕೊಂಡರೆ ನಿಮಿಷಕ್ಕೆ ಏಳೂವರೆ. ಗುಣಿಸಿ ನೋಡಿ, ಎರಡೂ 300. ಏದುಸಿರು ಬಿಟ್ಟು ಓಡಿದ್ದಕ್ಕೆ ದೂರ ಹೆಚ್ಚಾಗಿದ್ದರೆ ಮಾತ್ರ ಲಾಭ. ಆದರೆ ಹಾಗೆ ಓಡುವವರು ಸಾಮಾನ್ಯವಾಗಿ ಬೇಗ ಸುಸ್ತಾಗಿ ನಿಲ್ಲುತ್ತಾರೆ. ನಿಧಾನವಾಗಿ, ಮಾತಾಡುತ್ತಾ ಓಡುವವರು ಇನ್ನೊಂದೆರಡು ಕಿಲೋಮೀಟರ್ ಮುಂದೆ ಹೋಗಿರುತ್ತಾರೆ.

ಗಂಡ ಹೆಂಡತಿ ಇಬ್ಬರೂ ಮನೆಯ ಒಂದೇ ಟ್ರೆಡ್‌ಮಿಲ್ ಮೇಲೆ 4 ಕಿ.ಮೀ. ಓಡುತ್ತಿದ್ದರು. ಇಬ್ಬರಿಗೂ ಅದು 340 ಕ್ಯಾಲೊರಿ ತೋರಿಸುತ್ತಿತ್ತು. ಗಂಡನ ತೂಕ ಇಳಿಯಿತು, ಆಕೆಯದು ಇಳಿಯಲಿಲ್ಲ. ‘ನನ್ನ ಮೈಯೇ ಸರಿಯಿಲ್ಲ’ ಅಂತ ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಾಗ ನನಗೂ ಬೇಜಾರಾಯಿತು. ನೋಡಿದರೆ ಯಂತ್ರದಲ್ಲಿ ಇದ್ದದ್ದು ಗಂಡನ 85 ಕೆಜಿ. ಆಕೆ 55 ಕೆಜಿ. ಆಕೆಗೆ ನಿಜವಾಗಿ ಖರ್ಚಾಗುತ್ತಿದ್ದದ್ದು 220ರ ಆಸುಪಾಸು. ತೋರಿಸಿದ 340ನ್ನು ನಂಬಿ ಅಷ್ಟನ್ನೂ ಊಟದಲ್ಲಿ ಸೇರಿಸಿಕೊಂಡಿದ್ದರು, ಪಾಪ.

ಇನ್ನೊಂದು ವಿಷಯ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. 80 ಕೆಜಿಯಿಂದ 70ಕ್ಕೆ ಬಂದವರಿಗೆ ಅದೇ 5 ಕಿ.ಮೀ.ಗೆ 50 ಕ್ಯಾಲೊರಿ ಕಡಿಮೆ. ಸ್ಮಾರ್ಟ್ ಕೈಗಡಿಯಾರ ನಾಡಿಬಡಿತ ನೋಡಿ ಕ್ಯಾಲೊರಿ ಅಂದಾಜು ಮಾಡುತ್ತದೆ. ಸೆಕೆ, ನಿದ್ದೆಗೆಟ್ಟ ರಾತ್ರಿ, ಕಾಫಿ, ಇವೆಲ್ಲ ಬಡಿತ ಏರಿಸಬಹುದು, ಕ್ಯಾಲೊರಿ ಅಷ್ಟೇ ಏರುವುದಿಲ್ಲ. ಜೊತೆಗೆ ಸುಮ್ನೆ ಕೂತಿದ್ದರೂ ಖರ್ಚಾಗುವ ಪಾಲನ್ನು ಎಷ್ಟೋ ಯಂತ್ರಗಳು ಸೇರಿಸಿಯೇ ತೋರಿಸುತ್ತವೆ. ಟ್ರೆಡ್‌ಮಿಲ್‌ನ ಹಿಡಿ ಹಿಡಿದುಕೊಂಡು ಓಡಿದರೆ ಆ ಲೆಕ್ಕ ಇನ್ನಷ್ಟು ಸುಳ್ಳು.

ಮಂಡಿನೋವು, ಹೃದಯದ ತೊಂದರೆ ಇದ್ದವರು, ಇನ್ಸುಲಿನ್ ತೆಗೆದುಕೊಳ್ಳುವವರು ದೂರ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ. ಉಳಿದವರು ಇವತ್ತೇ ಗಡಿಯಾರದ ಸೆಟ್ಟಿಂಗ್ಸ್ ತೆಗೆದು, ಅದರಲ್ಲಿರುವ ತೂಕ ನಿಮ್ಮದೇನಾ, ಈಗಿನದೇನಾ ಅಂತ ನೋಡಿ.