ಕೆಂಪು ಕರಗಲಿಲ್ಲ, ಬಿಳಿ ಕಳೆಯಲಿಲ್ಲ

ಕುಷ್ಟಗಿ ಕಡೆ ಹತ್ತಿ ಬೀಜೋತ್ಪಾದನೆಯ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಕೈ ಬಹಳ ಸೂಕ್ಷ್ಮ. ನಾಳೆ ಅರಳಬೇಕಾದ ಮೊಗ್ಗನ್ನು ಇಂದೇ ಬಿಡಿಸಿ ಕೇಸರ ತೆಗೆಯುತ್ತಾರೆ. ಬೆಳಿಗ್ಗೆ ಗಂಡು ತಳಿಯ ಹೂ ತಂದು ಪರಾಗ ಸವರುತ್ತಾರೆ. ಈ ಕೆಲಸವನ್ನು ಹಿತ್ತಲಿನ ಸಂಜೆಮಲ್ಲಿಗೆಗೆ ಮಾಡಿ ನೋಡಬೇಕು. ತಲೆಮಾರುಗಳಿಂದ ಕೆಂಪನ್ನೇ ಬಿಡುತ್ತ ಬಂದ ಗಿಡಕ್ಕೆ ಅಪ್ಪಟ ಬಿಳಿಯ ಪರಾಗ ಸವರಿದರೆ, ಆ ಬೀಜದಿಂದ ಎದ್ದ ಗಿಡಗಳೆಲ್ಲ ಗುಲಾಬಿ ಬಣ್ಣದ ಹೂ ಬಿಡುತ್ತವೆ.

ಸುಣ್ಣಕ್ಕೆ ಕೆಮ್ಮಣ್ಣು ಕಲಸಿದ ಹಾಗೆ ಎರಡೂ ಬೆರೆತುಹೋದವು ಎಂದು ಯಾರಿಗಾದರೂ ಅನಿಸುತ್ತದೆ. 19ನೇ ಶತಮಾನದ ಅನೇಕ ವಿದ್ವಾಂಸರೂ ಹಾಗೇ ನಂಬಿದ್ದರು. ಆ ನಂಬಿಕೆ ಒಡೆಯುವುದು ಮುಂದಿನ ಪೀಳಿಗೆಯಲ್ಲಿ. ಗುಲಾಬಿ ಹೂವಿಗೆ ಅದರದೇ ಪರಾಗ ಬೀಳುವಂತೆ ಮಾಡಿ ಬೀಜ ಬಿತ್ತಿ: ಸುಮಾರು ಕಾಲುಪಾಲು ಅಪ್ಪಟ ಕೆಂಪು, ಕಾಲುಪಾಲು ಅಪ್ಪಟ ಬಿಳಿ, ಉಳಿದರ್ಧ ಗುಲಾಬಿ. ಕಲಸಿದ ಬಣ್ಣ ಹೀಗೆ ಮರಳಿ ಬೇರ್ಪಡುವುದುಂಟೇ? ಸಂಜೆಮಲ್ಲಿಗೆಯ ಒಂದು ಹೂವಿಗೆ ಒಂದೇ ಬೀಜ, ಹಾಗಾಗಿ ತಾಳ್ಮೆ ಬೇಕು. ನಾಲ್ಕೈದು ಗಿಡ ಬೆಳೆಸಿದರೆ ಲೆಕ್ಕ ಏರುಪೇರಾಗುತ್ತದೆ. ನೂರಾರು ಬೆಳೆಸಿದರೆ ಕೆಂಪು, ಗುಲಾಬಿ, ಬಿಳಿ 1:2:1ರ ಹತ್ತಿರ ಬಂದು ನಿಲ್ಲುತ್ತದೆ.

ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹರಿಯುವ ಲೆಕ್ಕವನ್ನು ಕಂಡುಕೊಂಡ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದಲ್ಲಿ ನೇರಳೆಗೆ ಬಿಳಿ ಕೂಡಿಸಿದಾಗ ಮೊದಲ ಪೀಳಿಗೆಯೆಲ್ಲ ನೇರಳೆಯೇ ಆಗಿತ್ತು. 1900ರಲ್ಲಿ ಆ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲೊಬ್ಬರಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಸಂಜೆಮಲ್ಲಿಗೆಯಲ್ಲಿ ಈ ನಡುಬಣ್ಣವನ್ನು ಕಂಡರು. ಒಂದು ಬಣ್ಣ ಇನ್ನೊಂದನ್ನು ಪೂರ್ತಿ ಮರೆಮಾಡದೆ ನಡುಬಣ್ಣ ಕಾಣಿಸುವ ಇದೇ ಅಪೂರ್ಣ ಪ್ರಾಬಲ್ಯ.

ಪ್ರಾಬಲ್ಯವೆಂದರೆ ಒಂದು ವಂಶವಾಹಿ (ಜೀನ್) ಇನ್ನೊಂದನ್ನು ತುಳಿಯುವುದು ಎಂದು ಮಕ್ಕಳಿಗೆ ಕಲಿಸುತ್ತೇವೆ. ಇದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ನಡೆಯುವುದು ಕಾದಾಟವಲ್ಲ, ಪ್ರಮಾಣದ ಮಾತು. ಪ್ರತಿ ಗಿಡದಲ್ಲೂ ವಂಶವಾಹಿಯ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಕೆಂಪಿನ ಪ್ರತಿ ಬಣ್ಣ ತಯಾರಿಗೆ ನೆರವಾಗುತ್ತದೆ, ಬಿಳಿಯ ಪ್ರತಿ ಸುಮ್ಮನಿರುತ್ತದೆ. ಬಟಾಣಿಗೆ ಕೆಲಸ ಮಾಡುವ ಒಂದು ಪ್ರತಿಯೇ ಸಾಕು, ಹೂ ತುಂಬ ಬಣ್ಣ. ಸಂಜೆಮಲ್ಲಿಗೆಗೆ ಒಂದು ಸಾಲದು, ಬಣ್ಣ ತೆಳುವಾಗುತ್ತದೆ. ಪರಾಗವೂ ಅಂಡವೂ ಆಗುವಾಗ ಎರಡು ಪ್ರತಿಗಳು ಕೂದಲೆಳೆಯಷ್ಟೂ ಬೆರೆಯದೆ ಬೇರೆಯಾಗುತ್ತವೆ. ಅದಕ್ಕೇ ಮೊಮ್ಮಕ್ಕಳಲ್ಲಿ ಅಜ್ಜ ಅಜ್ಜಿಯರ ಬಣ್ಣ ಹಾಗೇ ಮರಳುತ್ತದೆ.

ರಾಯಚೂರಿನ ಎರೆಹೊಲದಲ್ಲಿ ಹತ್ತಿ ಹೂ ಬೆಳಿಗ್ಗೆ ಕೆನೆಬಣ್ಣಕ್ಕಿದ್ದು ಮರುದಿನ ಗುಲಾಬಿಯಾಗುತ್ತದಲ್ಲ, ಅದು ಬೇರೆ. ಅದು ಹೂವಿನ ವಯಸ್ಸು, ವಂಶದ ಹಂಚಿಕೆಯಲ್ಲ. ಆದರೆ ಹೈಬ್ರಿಡ್ ಹತ್ತಿಯ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಹೊಲ ಒಂದೇ ಸಮ ಬಾರದಿರುವುದಕ್ಕೆ ಕಾರಣ ಇದೇ ಹಂಚಿಕೆ. ಅಲ್ಲಿ ಒಂದಲ್ಲ, ಹಲವಾರು ವಂಶವಾಹಿಗಳು ಒಟ್ಟಿಗೆ ಚದುರುತ್ತವೆ.

ಅಂಗಳದ ಸಾಲೆಲ್ಲ ಗುಲಾಬಿಯೇ ಬೇಕೆನ್ನುವವರು ಅದರ ಬೀಜವನ್ನು ನೆಚ್ಚುವಂತಿಲ್ಲ. ಒಂದೋ ಪ್ರತಿ ಸಲ ಅಪ್ಪಟ ಕೆಂಪು, ಬಿಳಿಗಳನ್ನು ಹೊಸದಾಗಿ ಕ್ರಾಸ್ ಮಾಡಬೇಕು, ಇಲ್ಲವೇ ಗುಲಾಬಿ ಗಿಡದ ಗಡ್ಡೆಯನ್ನು ಕಿತ್ತು ನೆಡಬೇಕು. ಗಡ್ಡೆಯಲ್ಲಿ ಎರಡು ಪ್ರತಿಗಳೂ ಜೊತೆಗೇ ಇರುತ್ತವೆ.