ಜೇನು ಹಾಕಿದರೂ ಹುಳಿ ಎಲ್ಲೂ ಹೋಗಿಲ್ಲ

ಸಲಾಡಿಗೆ ಸಿಹಿ-ಹುಳಿ ಡ್ರೆಸ್ಸಿಂಗ್ ಬೇಕು ಅಂದರೆ ಅಂಗಡಿಗೆ ಓಡಬೇಕಾಗಿಲ್ಲ. ಎರಡು ಚಮಚ ನಿಂಬೆರಸ, ಒಂದು ಚಮಚ ಜೇನುತುಪ್ಪ, ಅರ್ಧ ಚಮಚ ಅರೆದ ಸಾಸಿವೆ, ಚಿಟಿಕೆ ಉಪ್ಪು, ನಾಲ್ಕೈದು ಚಮಚ ಎಣ್ಣೆ. ಮುಚ್ಚಳ ಗಟ್ಟಿ ಇರುವ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ. ಅಷ್ಟೇ. ಎಣ್ಣೆ ಶೇಂಗಾದ್ದೋ ಆಲಿವ್‌ದೋ ಅನ್ನೋ ಜಗಳ ನನಗೆ ಬೇಡ. ನನ್ನ ಜಗಳ ಇರೋದು ಆ ಒಂದು ಚಮಚ ಜೇನಿನ ಬಗ್ಗೆ, ಅದು ಏನು ಮಾಡುತ್ತದೆ ಅಂತ ಜನ ನಂಬಿಕೊಂಡಿದ್ದಾರೋ ಅದರ ಬಗ್ಗೆ.

"ಹುಳಿ ಜಾಸ್ತಿ ಆಯ್ತಾ? ಸ್ವಲ್ಪ ಜೇನು ಹಾಕಿ, ಆಸಿಡ್ ಸಮ ಆಗುತ್ತೆ." ಅಡುಗೆ ವಿಡಿಯೋ ಮಾಡುವವರೆಲ್ಲ ಹೇಳುವ ಮಾತು ಇದು. ಮೊದಲರ್ಧ ಒಳ್ಳೆಯ ಸಲಹೆ. ಎರಡನೆಯದು ತಪ್ಪು. ಸಕ್ಕರೆಯಾಗಲಿ ಜೇನಾಗಲಿ ಆಮ್ಲವನ್ನು ಸಮ ಮಾಡುವುದಿಲ್ಲ. ಸಕ್ಕರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಜೇನಂತೂ ತಾನೇ ಆಮ್ಲ, ಅದರ ಪಿಎಚ್ (ಆಮ್ಲ ಅಳೆಯುವ ಅಂಕಿ; 7 ಅಂದರೆ ಸಮ, ಅದಕ್ಕಿಂತ ಕೆಳಗೆ ಇಳಿದಷ್ಟೂ ಆಮ್ಲ ಜಾಸ್ತಿ) ಸಾಮಾನ್ಯವಾಗಿ 4ರ ಆಸುಪಾಸು. ಸಿಹಿಯ ಹಿಂದೆ ಅಡಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ನಮ್ಮ ಅಜ್ಜಿಯಂದಿರು ಪಿಎಚ್ ಹೆಸರು ಕೇಳದಿದ್ದರೂ ಈ ವಿಷಯದಲ್ಲಿ ಮೋಸ ಹೋಗಿರಲಿಲ್ಲ. ಗೊಜ್ಜಿಗೆ ಎಷ್ಟೇ ಬೆಲ್ಲ ಹಾಕಿದರೂ ಅದನ್ನು ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಇಡುತ್ತಿರಲಿಲ್ಲ. ಇಟ್ಟರೆ ಕಿಲುಬು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಹುಣಸೆಹಣ್ಣಿನ ಆಮ್ಲ ಹಿತ್ತಾಳೆಯಲ್ಲಿರುವ ತಾಮ್ರವನ್ನು ತಿನ್ನುತ್ತದೆ, ಬೆಲ್ಲ ಇದ್ದರೂ ತಿನ್ನುತ್ತದೆ, ಯಾಕೆಂದರೆ ಪಾತ್ರೆಗೆ ನಾಲಿಗೆ ಇಲ್ಲ.

ಹುಳಿಗೆ ಅಳತೆ ಸಿಕ್ಕಿದ್ದು ತೀರಾ ಹಳೆಯ ಕಾಲದಲ್ಲೇನೂ ಅಲ್ಲ. ನಿಂಬೆರಸದಿಂದ ಸಿಟ್ರಿಕ್ ಆಮ್ಲವನ್ನು ಹರಳಾಗಿ ಬೇರೆ ಮಾಡಿದ್ದು ಸ್ವೀಡನ್ನಿನ ಕಾರ್ಲ್ ಶೀಲೆ, 1784ರಲ್ಲಿ. ಅದಕ್ಕೂ ನೂರಿಪ್ಪತ್ತು ವರ್ಷ ಮೊದಲು, 1664ರಲ್ಲಿ, ರಾಬರ್ಟ್ ಬಾಯ್ಲ್ ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕಕ್ಕೆ ಆಮ್ಲ ಬಿದ್ದರೆ ಕೆಂಪಾಗುತ್ತದೆ, ಕ್ಷಾರ ಬಿದ್ದರೆ ಹಸಿರಾಗುತ್ತದೆ ಅಂತ ಬರೆದಿದ್ದರು. ಪಿಎಚ್ ಅನ್ನುವ ಅಂಕಿ ಬಂದದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ ಅವರಿಂದ. ಹೌದು, ಅದೇ ಬಿಯರ್ ಕಂಪನಿಯ ಪ್ರಯೋಗಾಲಯ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲದ ಕಣ ಹತ್ತು ಪಟ್ಟು ಜಾಸ್ತಿ. ನಿಂಬೆರಸ ಎರಡು, ಎರಡೂವರೆಯ ಹತ್ತಿರ ಇರುತ್ತದೆ. ಅದಕ್ಕೆ ಅಷ್ಟೇ ನೀರು ಬೆರೆಸಿದರೂ ಅಂಕಿ ಒಂಚೂರು ಏರಬಹುದು, ಹೆಚ್ಚೇನಿಲ್ಲ. ಇನ್ನು ಒಂದು ಚಮಚ ಜೇನು ಏನು ಮಾಡೀತು?

ನಂಬಿಕೆ ಬರದಿದ್ದರೆ ಬಾಯ್ಲ್ ಮಾಡಿದ್ದನ್ನೇ ಮನೆಯಲ್ಲಿ ಮಾಡಿ ನೋಡಿ. ಶಂಖಪುಷ್ಪದ ನೀಲಿ ಹೂವನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀಲಿ ನೀರಿಗೆ ನಿಂಬೆ ಹಿಂಡಿ. ನೇರಳೆ-ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಈಗ ಸಕ್ಕರೆ ಹಾಕಿ, ಬೇಕಾದಷ್ಟು ಹಾಕಿ, ಕುಡಿದರೆ ಪಾನಕದ ಹಾಗೆ ಸಿಹಿ ಆಗುವವರೆಗೂ ಹಾಕಿ. ಬಣ್ಣ ಅಲುಗಾಡುವುದಿಲ್ಲ. ಆಮೇಲೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತಾ ಬನ್ನಿ. ಬುಸ್ ಅಂತ ನೊರೆ ಬರುತ್ತದೆ, ಬಣ್ಣ ಮತ್ತೆ ನೀಲಿಯ ಕಡೆಗೆ ಹೋಗುತ್ತದೆ. ಆಮ್ಲವನ್ನು ಸಮ ಮಾಡುವುದು ಅಂದರೆ ಅದು.

ಹಾಗಾದರೆ ಬಾಯಿಗೆ ಹುಳಿ ಕಡಿಮೆ ಅನಿಸುವುದು ಸುಳ್ಳಾ? ಅಲ್ಲ, ಖಂಡಿತ ನಿಜ. ನನಗೆ ಈ ವಿಷಯದಲ್ಲಿ ಅತೀ ಇಷ್ಟವಾದ ಭಾಗವೇ ಇದು, ಸ್ವಲ್ಪ ಉದ್ದ ಹೋದರೆ ಬೇಜಾರು ಮಾಡಿಕೊಳ್ಳಬೇಡಿ.

ನಾಲಿಗೆಯ ರುಚಿಮೊಗ್ಗಿನಲ್ಲಿ ಸಿಹಿ ಹಿಡಿಯುವ ಕೋಶವೇ ಬೇರೆ, ಹುಳಿ ಹಿಡಿಯುವ ಕೋಶವೇ ಬೇರೆ. ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ ಅಂತ ಶಾಲೆಯಲ್ಲಿ ಬಿಡಿಸಿದ್ದ ನಾಲಿಗೆ ನಕ್ಷೆಯನ್ನು ಮಾತ್ರ ಮರೆತುಬಿಡಿ. 1901ರಲ್ಲಿ ಹೆನಿಗ್ ಎಂಬ ಜರ್ಮನ್ ಸಂಶೋಧಕ ಕಂಡಿದ್ದ ಸಣ್ಣ ವ್ಯತ್ಯಾಸ ಮುಂದೆ ಪುಸ್ತಕದಿಂದ ಪುಸ್ತಕಕ್ಕೆ ಹೋಗುವಾಗ ಗಡಿ ರೇಖೆಯಾಗಿ ಬೆಳೆಯಿತು. ಎಲ್ಲ ರುಚಿಯೂ ರುಚಿಮೊಗ್ಗು ಇರುವ ಎಲ್ಲ ಕಡೆ ಗೊತ್ತಾಗುತ್ತದೆ. ಸಿಹಿಯ ಕೋಶದ ಮೇಲೆ ಸಕ್ಕರೆಯ ಅಣು ಬಂದು ಕೂರುವ ಜಾಗವಿದೆ. ಹುಳಿಯ ಕೋಶದಲ್ಲಿ ಇರುವುದು ಕಣ್ಣಿಗೆ ಕಾಣದ ಒಂದು ಕಿಂಡಿ, ಪ್ರೋಟಾನ್, ಅಂದರೆ ಆಗಲೇ ಹೇಳಿದ ಆಮ್ಲದ ಕಣ, ಒಳಗೆ ನುಗ್ಗುವ ಕಿಂಡಿ. ಅದರ ಹೆಸರು ಓಟೋಪ್1. ಅದು ಪ್ರೋಟಾನಿನ ದಾರಿ ಅಂತ ಪತ್ತೆಯಾದದ್ದು 2018ರಲ್ಲಿ ಅಂದರೆ ನೋಡಿ, ಮನುಷ್ಯ ಹುಣಸೆಹಣ್ಣು ಚಪ್ಪರಿಸಲು ಶುರು ಮಾಡಿ ಎಷ್ಟು ಸಾವಿರ ವರ್ಷ ಆಯಿತೋ!

ಇಲ್ಲೊಂದು ಹಳೆಯ ಒಗಟಿದೆ. ಒಂದೇ ಪಿಎಚ್ ಇರುವ ವಿನೆಗರ್ ಮತ್ತು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಂಡರೆ, ವಿನೆಗರೇ ಜಾಸ್ತಿ ಹುಳಿ. (ಮನೆಯಲ್ಲಿ ಇದನ್ನು ನೋಡಲು ಹೋಗಬೇಡಿ.) ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳೆಲ್ಲ ನೀರಿನಲ್ಲಿ ಒಡೆದು ಪ್ರೋಟಾನ್ ಬಿಟ್ಟಿರುತ್ತವೆ. ಅಡುಗೆಮನೆಯ ವಿನೆಗರಿನಲ್ಲಿ ನೂರರಲ್ಲಿ ಒಂದು ಅಣುವೂ ಒಡೆದಿರುವುದಿಲ್ಲ. ಒಡೆಯದ ಆ ಅಣುಗಳು ಸುಮ್ನೆ ಕೋಶದ ಗೋಡೆ ದಾಟಿ ಒಳಗೆ ಹೋಗುತ್ತವೆ, ಒಳಗೆ ಹೋಗಿ ಒಡೆಯುತ್ತವೆ. ಕೋಶದ ಒಳಗೇ ಹುಳಿ! ಆಗ ಪೊಟ್ಯಾಸಿಯಂ ಹೊರಹೋಗುವ ದಾರಿ ಮುಚ್ಚಿಕೊಳ್ಳುತ್ತದೆ, ಕೋಶ ಇನ್ನಷ್ಟು ಜೋರಾಗಿ ಸುದ್ದಿ ಕಳಿಸುತ್ತದೆ. ಡ್ರೆಸ್ಸಿಂಗಿನಲ್ಲಿ ನಿಂಬೆಯ ಬದಲು ವಿನೆಗರ್ ಹಾಕುವವರು ಇದನ್ನು ನೆನಪಿಡಿ. ಹುಳಿಯನ್ನು ಪಿಎಚ್ ಪಟ್ಟಿ ನೋಡಿ ಅಳೆಯಲು ಆಗುವುದಿಲ್ಲ.

ಸಿಹಿ ಮತ್ತು ಹುಳಿ ಹೀಗೆ ಬೇರೆ ಬೇರೆ ದಾರಿಯಲ್ಲಿ ಹೊರಟು ಮಿದುಳಿಗೆ ಬರುತ್ತವೆ. ಜೋರಾದ ಸಿಹಿ ಬಂದಾಗ ಮಿದುಳು ಉಳಿದ ರುಚಿಯ ದನಿ ತಗ್ಗಿಸುತ್ತದೆ. ಕಹಿಯ ವಿಷಯದಲ್ಲಿ ಇದಕ್ಕೆ ಒಂದು ಚೆಂದದ ಪ್ರಯೋಗ ಇದೆ. 1985ರಲ್ಲಿ ಕ್ರೂಜೆ ಮತ್ತು ಬಾರ್ಟೊಶುಕ್ ಎಂಬಿಬ್ಬರು ನಾಲಿಗೆಯ ಒಂದು ಪಕ್ಕಕ್ಕೆ ಕ್ವಿನೈನ್ ಎಂಬ ಕಹಿ ಮದ್ದು, ಇನ್ನೊಂದು ಪಕ್ಕಕ್ಕೆ ಸಕ್ಕರೆ ಮುಟ್ಟಿಸಿದರು. ಎರಡೂ ಬೆರೆತೇ ಇಲ್ಲ, ಆದರೂ ಕಹಿ ತಗ್ಗಿತು. ಉಪ್ಪು ಮಾತ್ರ ಬಹುಮಟ್ಟಿಗೆ ನಾಲಿಗೆಯ ಮೇಲೇ, ಕಹಿಯ ಜೊತೆ ಇದ್ದಾಗಲೇ ಕೆಲಸ ಮಾಡುತ್ತದೆ. ಮೆಂತ್ಯ ಸೊಪ್ಪಿನ ಸಲಾಡಿಗೆ ಚಿಟಿಕೆ ಉಪ್ಪು ಯಾಕೆ ಬೇಕು ಅನ್ನೋದೂ ಇಲ್ಲೇ ಗೊತ್ತಾಯಿತು ಅಲ್ವಾ? ಮದುವೆಮನೆಯಲ್ಲಿ ಗಟ್ಟಿಮೇಳ ಬಾರಿಸುವಾಗ ಯಾರಾದರೂ ಸೀನಿದರೆ ಯಾರಿಗೂ ಕೇಳಿಸುವುದಿಲ್ಲ. ಹಾಗಂತ ಅವರು ಸೀನಿಲ್ಲ ಅಂತಲ್ಲ. ಜೇನು ಮಾಡುವುದು ಆ ಗಟ್ಟಿಮೇಳದ ಕೆಲಸ.

ಇದಕ್ಕಿಂತ ದೊಡ್ಡ ಮೋಸಗಾರ ಪಶ್ಚಿಮ ಆಫ್ರಿಕದ ಒಂದು ಕೆಂಪು ಹಣ್ಣು. ಅದನ್ನು ಜಗಿದು ಆಮೇಲೆ ನಿಂಬೆ ತಿಂದರೆ ನಿಂಬೆಯೇ ಸಿಹಿ. ಅದರಲ್ಲಿರುವ ಮಿರಾಕ್ಯುಲಿನ್ ಎಂಬ ಪ್ರೋಟೀನನ್ನು 1968ರಲ್ಲಿ ಬೇರೆ ಮಾಡಿದರು. ಅದು ಸಿಹಿ ಹಿಡಿಯುವ ಜಾಗಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ, ಆಮ್ಲ ಬಂದ ಕೂಡಲೇ ಆ ಜಾಗವನ್ನು ಕೆರಳಿಸುತ್ತದೆ. ಹೊಟ್ಟೆಗೆ ಹೋಗುವ ಆಮ್ಲ ಮಾತ್ರ ಮೊದಲಿದ್ದಷ್ಟೇ.

ಇಷ್ಟು ಗೊತ್ತಿದ್ದರೆ ವಾಟ್ಸಾಪಿನ "ಜೇನು-ನಿಂಬೆ ರಕ್ತವನ್ನು ಕ್ಷಾರ ಮಾಡುತ್ತದೆ" ಎಂಬ ಸಂದೇಶ ಮುಂದಕ್ಕೆ ಕಳಿಸುವ ಮೊದಲು ಕೈ ತಡೆದೀತು. ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇರುತ್ತದೆ. ಅದನ್ನು ಕಾಯುವುದು ಶ್ವಾಸಕೋಶ ಮತ್ತು ಮೂತ್ರಪಿಂಡ, ನಿಂಬೆಹಣ್ಣು ಅಲ್ಲ. ಹಲ್ಲಿನ ಎನಾಮೆಲ್ ಸುಮಾರು 5.5ರ ಕೆಳಗೆ ಕರಗಲು ಶುರುವಾಗುತ್ತದೆ. ಸಲಾಡಿನ ಎರಡು ಚಮಚದಿಂದ ಏನೂ ಆಗದು. ಆದರೆ ಜೇನು ಹಾಕಿದ್ದೇವಲ್ಲ ಅಂತ ಬೆಳಗಿನಿಂದ ಸಂಜೆವರೆಗೆ ನಿಂಬೆನೀರು ಹೀರುತ್ತಾ ಕೂರುವವರ ಹಲ್ಲಿಗೆ ಆ ಜೇನು ಕಾವಲಲ್ಲ.

ಮತ್ತೆ ಬಾಟಲಿಗೆ ಬರೋಣ. ಸಕ್ಕರೆ ಬಿಟ್ಟು ಜೇನೇ ಯಾಕೆ? ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ. ಈ ಫ್ರಕ್ಟೋಸ್ ಅಣು ಒಂದೇ ಆಕಾರದಲ್ಲಿ ಇರುವುದಿಲ್ಲ. ತಣ್ಣಗಿದ್ದಾಗ ಹೆಚ್ಚಿನ ಅಣುಗಳು ತುಂಬ ಸಿಹಿಯಾದ ಆಕಾರದಲ್ಲಿರುತ್ತವೆ, ಬಿಸಿಯಾದರೆ ಅಷ್ಟು ಸಿಹಿಯಿಲ್ಲದ ಆಕಾರಕ್ಕೆ ಬದಲಾಗುತ್ತವೆ. ಬಿಸಿ ಗೊಜ್ಜಿಗೆ ಬೆಲ್ಲ ಸರಿ, ಫ್ರಿಜ್ಜಿನಿಂದ ತೆಗೆದ ಸೌತೆಕಾಯಿಗೆ ಜೇನು ಸರಿ.

ಇನ್ನು ಸಾಸಿವೆ. ಅದು ಎಣ್ಣೆಯ ಹನಿಗಳನ್ನು ಸುತ್ತುವರಿದು ಅವು ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಅದರ ಸಿಪ್ಪೆಯ ಅಂಟು ಮತ್ತು ಪ್ರೋಟೀನಿನ ಕೆಲಸ ಅದು. ಜೇನಿನ ಮಂದ ಕೂಡ ಸಹಾಯಕ್ಕೆ ಬರುತ್ತದೆ. ಒಂದು ಎಚ್ಚರ: ಸಾಸಿವೆಯನ್ನು ಮೊದಲು ಬರೀ ನೀರಿನಲ್ಲಿ ಅರೆದು ಹತ್ತು ನಿಮಿಷ ಬಿಡಿ, ಆಮೇಲೆ ನಿಂಬೆರಸ. ಖಾರ ಹುಟ್ಟಿಸುವ ಕಿಣ್ವಕ್ಕೆ ಆಮ್ಲ ಆಗಿಬರುವುದಿಲ್ಲ, ಮೊದಲೇ ಹುಳಿ ಬಿದ್ದರೆ ಸಾಸಿವೆ ಸಪ್ಪೆ. ಮಲೆನಾಡು, ಕರಾವಳಿಯಲ್ಲಿ ಮಾವಿನಹಣ್ಣಿನ ಸಾಸಿವೆ ಮಾಡುವವರಿಗೆ ಬೆಲ್ಲ, ಹುಳಿ, ಹಸಿ ಸಾಸಿವೆಯ ಈ ಸಂಸಾರ ಹೊಸದೇನಲ್ಲ.

ರುಚಿಯನ್ನು ಚಮಚದಲ್ಲಿ ನೆಕ್ಕಿ ನೋಡಬೇಡಿ, ಸೊಪ್ಪಿನ ಒಂದು ಎಲೆ ಅದ್ದಿ ತಿಂದು ನೋಡಿ. ಚಮಚದಲ್ಲಿ ವಿಪರೀತ ಹುಳಿ ಅನಿಸಿದ್ದು ಎಲೆಯ ಜೊತೆ ಸರಿಯಾಗಿಯೇ ಇರುತ್ತದೆ. ಅಷ್ಟಾದರೂ ಹುಳಿ ಜಾಸ್ತಿ ಇದ್ದರೆ ಇನ್ನೊಂದಿಷ್ಟು ಜೇನು ಹಾಕಿ ಮಿದುಳನ್ನು ಒಪ್ಪಿಸಿ, ಇಲ್ಲವೇ ಸೌತೆಕಾಯಿ, ಟೊಮ್ಯಾಟೊ, ಎಣ್ಣೆ ಸೇರಿಸಿ ತೆಳು ಮಾಡಿ. ಆಮ್ಲವನ್ನೇ ತೆಗೆದುಹಾಕುತ್ತೇನೆ ಅಂತ ಸೋಡಾ ಹಾಕಿದರೆ ಹುಳಿ ನಿಜವಾಗಿಯೂ ಹೋಗುತ್ತದೆ. ಆದರೆ ನಿಮ್ಮ ಸಲಾಡಿಗೆ ಉಪ್ಪುಪ್ಪಾದ ಸೋಪಿನ ರುಚಿ ಬಂದಿರುತ್ತದೆ.