ಅಳಿಸಬೇಡಿ, ಕೇಳಿ

ನನ್ನ ಮುಂದೆ ಬಂದು ಕೂತವರು ಮೊದಲು ಫೋನ್ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಆಮೇಲೆ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಎಲ್ಲಾ ಇದರಲ್ಲೇ ಇತ್ತು ಮೇಡಂ, ಅಳಿಸಿಬಿಟ್ಟೆ."

ವಕೀಲೆಯಾಗಿ ನನ್ನ ಬಳಿ ಬರುವ ಕೆಲಸದಲ್ಲಿ ಜಾಸ್ತಿ ಪಾಲು ಈಗ ಇಂಟರ್ನೆಟ್ಟಿನದ್ದೇ. ನಕಲಿ ಅಕೌಂಟು, ಹಣ ಕಿತ್ತುಕೊಂಡ ಮೆಸೇಜು, ಒಪ್ಪಿಗೆ ಇಲ್ಲದೆ ಹರಿದಾಡಿದ ಫೋಟೊ, ಯಾರೋ ಹಬ್ಬಿಸಿದ ಸುಳ್ಳು. ಪ್ರಕರಣ ಯಾವುದೇ ಇರಲಿ, ಬಂದವರು ಅಷ್ಟರಲ್ಲಿ ಮಾಡಿ ಮುಗಿಸಿರುವ ಕೆಲಸ ಅಳಿಸುವುದು. ನಾಚಿಕೆ ಇರುತ್ತದೆ, ಸಿಟ್ಟಿರುತ್ತದೆ, ಮನೆಯವರು ನೋಡಿದರೆ ಅನ್ನೋ ಭಯ ಇರುತ್ತದೆ. ಕಣ್ಣಿಂದ ಮರೆಯಾದರೆ ಸಾಕು ಅನ್ನಿಸುತ್ತದೆ. ನನಗದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅಳಿಸಿದ್ದು ಹೋಗುವುದು ನಿಮ್ಮ ಫೋನಿನಿಂದ ಮಾತ್ರ. ಅನ್ಯಾಯ ಮಾಡಿದವನ ಕೈಯಲ್ಲಿ ಅದು ಇದ್ದ ಹಾಗೇ ಇರುತ್ತದೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಹೆಸರು, ಫೋಟೊ ಹಾಕಿ ಯಾರೋ ಇನ್ನೊಂದು ಅಕೌಂಟ್ ತೆರೆದಿದ್ದರು. ಅದರಿಂದ ಅವನ ಗೆಳೆಯರಿಗೆ ಮೆಸೇಜು ಹೋಯಿತು. "ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟಾಗಿ ಹಣ ಬೇಕು, ಫೋನ್ ಮಾಡಬೇಡ, ಮಾತಾಡೋ ಹಾಗಿಲ್ಲ." ಮೂವರು ಹಣ ಕಳಿಸಿದರು. ಒಬ್ಬ ಗೆಳತಿ ಫೋನ್ ಮಾಡಿದ್ದರಿಂದ ಇವನಿಗೆ ವಿಷಯ ಗೊತ್ತಾಯಿತು. ಕೂಡಲೇ ಆ ಅಕೌಂಟಿನ ಮೇಲೆ ರಿಪೋರ್ಟ್ ಒತ್ತಿದ, ಗೊತ್ತಿದ್ದವರಿಂದಲೂ ಒತ್ತಿಸಿದ. ಸಂಜೆಯೊಳಗೆ ಅಕೌಂಟ್ ಮಾಯ. ಹಣ ಕಳಕೊಂಡ ಮೂವರೂ ಬೇಜಾರಿನಲ್ಲಿ ಚಾಟ್ ಅಳಿಸಿದ್ದರು. ಹಣ ಹೋದ ಬ್ಯಾಂಕ್ ಖಾತೆಯ ಜಾಡೇನೋ ಸಿಕ್ಕಿತು. ಆದರೆ ಅದು ಯಾವುದೋ ಬಡಪಾಯಿಯ ಹೆಸರಿನಲ್ಲಿದ್ದ ಬಾಡಿಗೆ ಖಾತೆ. ಇಂಥ ಪ್ರಕರಣಗಳಲ್ಲಿ ಇದು ಮಾಮೂಲಿ.

ಉಳಿದದ್ದು ಒಂದೇ ಒಂದು ಸ್ಕ್ರೀನ್‌ಶಾಟ್. ದೊಡ್ಡದು ಮಾಡಿ ನೋಡಿದೆ. ಅವನದೇ ಮುಖ, ಕೆಳಗೆ ಎರಡು ಸಾಲು. ಮೇಲಿನ ಅಂಚು ಇರಲಿಲ್ಲ, ನೀಟಾಗಿ ಕಾಣಲಿ ಅಂತ ಕತ್ತರಿಸಿದ್ದರು. ಅಕೌಂಟಿನ ವಿಳಾಸ ಇಲ್ಲ. ತಾರೀಕು ಇಲ್ಲ, ಗಂಟೆ ಇಲ್ಲ. ಯಾರಿಗೆ ಬಂದ ಮೆಸೇಜು ಅನ್ನೋದೂ ಇಲ್ಲ. ಎದುರು ಕಡೆಯ ವಕೀಲರು ಏನು ಕೇಳುತ್ತಾರೆ ಅಂತ ನನಗೆ ಗೊತ್ತು. ಇದನ್ನು ನೀವೇ ಮಾಡಿಕೊಂಡಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?

ಹಾಗಾಗಿ ಮೊದಲು ಉಳಿಸಿಕೊಳ್ಳಿ. ರಿಪೋರ್ಟ್, ಬ್ಲಾಕ್ ಎಲ್ಲ ಅದರ ನಂತರ. ಸ್ಕ್ರೀನ್‌ಶಾಟ್ ತೆಗೆಯುವಾಗ ಇಡೀ ಪರದೆ ಬರಲಿ, ದಿನ ಮತ್ತು ಸಮಯ ಕಾಣಲಿ. ಆ ಅಕೌಂಟಿನ ಅಥವಾ ಪೋಸ್ಟಿನ ಲಿಂಕ್ ಕಾಪಿ ಮಾಡಿ ಬೇರೆ ಕಡೆ ಬರೆದಿಡಿ. ತೋರುವ ಹೆಸರು, ಫೋಟೊ ಯಾವಾಗ ಬೇಕಾದರೂ ಬದಲಾಗುತ್ತದೆ. ಲಿಂಕ್ ಇದ್ದರೆ ಕಂಪನಿ ತನ್ನ ದಾಖಲೆಯಲ್ಲಿ ಆ ಅಕೌಂಟನ್ನು ಗುರುತಿಸುವುದು ಸುಲಭ. ಇಮೇಲ್ ಆದರೆ ಫಾರ್ವರ್ಡ್ ಮಾಡಿ ಮೂಲವನ್ನು ಅಳಿಸಬೇಡಿ. ಅದು ಎಲ್ಲಿಂದ, ಯಾವ ದಾರಿಯಲ್ಲಿ ಬಂತು ಅನ್ನೋ ವಿವರ ಮೂಲದಲ್ಲಿ ಇರುತ್ತದೆ, ಫಾರ್ವರ್ಡ್ ಆದ ಪ್ರತಿಯಲ್ಲಿ ಪೂರ್ತಿ ಇರುವುದಿಲ್ಲ. ಫೋಟೊನೂ ಹಾಗೇ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದರೆ, ತೆಗೆದ ಸಮಯ, ಕ್ಯಾಮೆರಾ ಇಂಥ ಒಳಗಿನ ವಿವರ ಸಾಮಾನ್ಯವಾಗಿ ಕಳಚಿಹೋಗುತ್ತದೆ. ಹಣ ಹೋಗಿದ್ದರೆ ಮಾತ್ರ ಯಾವುದಕ್ಕೂ ಕಾಯಬೇಡಿ, ಮೊದಲು ಬ್ಯಾಂಕಿಗೆ ತಿಳಿಸಿ. ಒಂದೊಂದು ಗಂಟೆಯೂ ಮುಖ್ಯ, ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಬೇಕು.

ಇಂಥದ್ದು ಕೇಳಿದಾಗ ಜನ "ಆತುರಗಾರನಿಗೆ ಬುದ್ಧಿ ಮಟ್ಟ" ಅಂದುಬಿಡುತ್ತಾರೆ. ಈ ಗಾದೆಯನ್ನು ನನ್ನ ಕಕ್ಷಿದಾರರಿಗೆ ಅನ್ವಯಿಸಲು ನಾನು ಒಪ್ಪುವುದಿಲ್ಲ. ಆ ಆತುರ ಅವರದ್ದಲ್ಲ, ಅವರ ಮೇಲೆ ಹೇರಿದ್ದು. "ಫೋನ್ ಮಾಡಬೇಡ" ಅನ್ನೋ ಎರಡು ಪದ ನೋಡಿ. ಹಣ ಕೇಳಿದ ಸಾಲಿಗಿಂತ ಅದನ್ನು ಹೆಚ್ಚು ಯೋಚಿಸಿ ಬರೆದಿದ್ದಾರೆ. ನೀವು ನಿಂತು ಇನ್ನೊಬ್ಬರನ್ನು ಕೇಳುವ ಒಂದು ನಿಮಿಷವನ್ನೇ ಕಿತ್ತುಕೊಳ್ಳುವುದು ಅದರ ಕೆಲಸ. ನಾನು ನೋಡಿದ ಮಟ್ಟಿಗೆ, ಇಂಟರ್ನೆಟ್ಟಿನಲ್ಲಿ ಹಕ್ಕು ಕಳಕೊಳ್ಳುವುದೂ ಯೋಚನೆ ಕಳಕೊಳ್ಳುವುದೂ ಬೇರೆ ಬೇರೆ ಹೊತ್ತಿನಲ್ಲಿ ನಡೆಯುವುದಿಲ್ಲ. ಎರಡೂ ಹೋಗುವುದು ಆ ಒಂದು ನಿಮಿಷದಲ್ಲಿ.

ಕಳ್ಳರಷ್ಟೇ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಓದಬೇಕಾದ ವಿಷಯದ ಮೇಲೆ, ನಿಮ್ಮ ಮಾಹಿತಿ ಬಳಸಲು ಒಪ್ಪಿಗೆ ಕೇಳುವ ಒಂದು ಚೌಕ ಬಂದು ಕೂರುತ್ತದೆ. "ಎಲ್ಲವನ್ನೂ ಒಪ್ಪಿದ್ದೇನೆ" ಅನ್ನೋ ಬಟನ್ ದೊಡ್ಡದು, ಬಣ್ಣದ್ದು, ಹೆಬ್ಬೆರಳು ಹೋಗುವ ಕಡೆಯೇ ಇರುತ್ತದೆ. "ಬೇಡ" ಅನ್ನಬೇಕಾದರೆ? ಮಸುಕು ಅಕ್ಷರದಲ್ಲಿ "ಇನ್ನಷ್ಟು ಆಯ್ಕೆಗಳು" ಅಂತ ಇರುತ್ತದೆ. ಅದನ್ನು ಒತ್ತಿದರೆ ಇನ್ನೊಂದು ಪರದೆ, ಅಲ್ಲಿ ಹತ್ತಾರು ಸ್ವಿಚ್ಚು, ಎಲ್ಲಾ ಇಳಿಸಿದ ಮೇಲೆ ಕೊನೆಯಲ್ಲಿ ಮತ್ತೆ ಬಣ್ಣದ ಬಟನ್ "ಎಲ್ಲವನ್ನೂ ಒಪ್ಪಿದ್ದೇನೆ". ಇದು ಸುಮ್ನೆ ಆದ ವಿನ್ಯಾಸ ಅಲ್ಲ. ಹ್ಯಾರಿ ಬ್ರಿಗ್ನಲ್ ಅನ್ನೋ ವಿನ್ಯಾಸಕಾರರು 2010ರಲ್ಲಿ ಇಂಥ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರಿಟ್ಟರು.

ಕಾನೂನು ಇದನ್ನು ಗಮನಿಸಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನೋ ಡೇಟಾ ರಕ್ಷಣಾ ಕಾನೂನಿನ ಪ್ರಕಾರ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸು ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಅಂತ ಕರೆಯುವ ಹಾಗಿಲ್ಲ ಅಂತ ಅಲ್ಲಿನ ಉನ್ನತ ನ್ಯಾಯಾಲಯ 2019ರಲ್ಲಿ ಹೇಳಿತು. ಭಾರತ 2023ರಲ್ಲಿ ಮಾಡಿದ ಡೇಟಾ ರಕ್ಷಣಾ ಕಾಯ್ದೆಯಲ್ಲೂ ಒಪ್ಪಿಗೆ ವಾಪಸಿನ ಬಗ್ಗೆ ಇದೇ ಅರ್ಥದ ಮಾತಿದೆ. ಒಮ್ಮೆ ಒಪ್ಪಿದ್ದೀನಲ್ಲ, ಮುಗೀತು ಅಂತ ಎಷ್ಟೋ ಜನ ನನಗೆ ಹೇಳುತ್ತಾರೆ. ಮುಗಿದಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು.

ಇನ್ನೊಂದು ವಿಷಯ ಇದೆ, ಇದು ನನ್ನನ್ನು ಬಹಳ ಕಾಡುತ್ತದೆ. ನಾವು ಕೊಡುವ ಒಪ್ಪಿಗೆ ನಮ್ಮದಷ್ಟೇ ಅಲ್ಲ. ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಜ್ ಅನಾಲಿಟಿಕಾ ಅನ್ನೋ ಕಂಪನಿಯ ಹಗರಣ 2018ರ ಮಾರ್ಚ್‌ನಲ್ಲಿ ದೊಡ್ಡ ಸುದ್ದಿಯಾಯಿತು. ಫೇಸ್‌ಬುಕ್‌ನಲ್ಲಿ ವ್ಯಕ್ತಿತ್ವ ಪರೀಕ್ಷೆ ಅನ್ನೋ ಒಂದು ಆ್ಯಪ್. ಅದನ್ನು ಹಾಕಿಕೊಂಡವರು ಸುಮಾರು 2.7 ಲಕ್ಷ ಜನ. ಆದರೆ ಆ ಆ್ಯಪ್ ಅವರ ಗೆಳೆಯರ ಮಾಹಿತಿಯನ್ನೂ ಎತ್ತಿಕೊಳ್ಳುತ್ತಿತ್ತು. 8.7 ಕೋಟಿ ಜನರವರೆಗೆ ಇದರ ಬಿಸಿ ತಟ್ಟಿರಬಹುದು ಅಂತ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಲೆಕ್ಕ ಹಾಕಿ. ಒಬ್ಬರು ಒತ್ತಿದ ಬಟನ್ನಿಗೆ ಮುನ್ನೂರಕ್ಕೂ ಹೆಚ್ಚು ಜನರ ಮಾಹಿತಿ ಹೋಯಿತು. ಅವರನ್ನು ಯಾರೂ ಕೇಳಲೇ ಇಲ್ಲ. ಟಾರ್ಚ್ ಬೆಳಗಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ ಇದನ್ನು ನೆನಪಿಸಿಕೊಳ್ಳಿ. ಆ ಪಟ್ಟಿಯಲ್ಲಿ ಇರುವುದು ಬೇರೆಯವರ ನಂಬರು, ಅಲ್ವಾ?

ಕಂಪನಿಗಳ ಮುಂದೆ ನಾವೊಬ್ಬರು ಏನು ಮಾಡೋಕಾಗುತ್ತೆ ಅನ್ನೋರಿಗೆ ಮ್ಯಾಕ್ಸ್ ಶ್ರೆಮ್ಸ್ ಕಥೆ ಹೇಳುತ್ತೇನೆ. ಆಸ್ಟ್ರಿಯಾದವರು, 2011ರಲ್ಲಿ ಇನ್ನೂ ಕಾನೂನು ವಿದ್ಯಾರ್ಥಿ. ನನ್ನ ಬಗ್ಗೆ ನಿಮ್ಮ ಬಳಿ ಏನೇನಿದೆ, ಕೊಡಿ ಅಂತ ಫೇಸ್‌ಬುಕ್ಕಿಗೆ ಬರೆದರು. ಅಷ್ಟೇ. ಯುರೋಪಿನ ಕಾನೂನು ಆ ಹಕ್ಕನ್ನು ಆಗಲೇ ಕೊಟ್ಟಿತ್ತು. ಬಂದ ಉತ್ತರ 1,200ಕ್ಕೂ ಜಾಸ್ತಿ ಪುಟ. ಅದರಲ್ಲಿ ಅವರು ಅಳಿಸಿದ್ದೇನೆ ಅಂದುಕೊಂಡಿದ್ದ ಮೆಸೇಜುಗಳೂ ಇದ್ದವು. ಅಲ್ಲಿಂದ ಶುರುವಾದ ಹೋರಾಟದಲ್ಲಿ, ಯುರೋಪಿನ ಜನರ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಲು ಇದ್ದ ಒಪ್ಪಂದವನ್ನು 2015ರಲ್ಲಿ ನ್ಯಾಯಾಲಯ ರದ್ದು ಮಾಡಿತು. ಅದರ ಬದಲಿಗೆ ತಂದ ಇನ್ನೊಂದು ಒಪ್ಪಂದವೂ 2020ರಲ್ಲಿ ಬಿತ್ತು. ಎಲ್ಲಕ್ಕೂ ಮೂಲ ಒಂದು ಪ್ರಶ್ನೆ.

ಕನ್ನಡದಲ್ಲಿ "ಕೇಳು" ಅನ್ನೋ ಮಾತಿಗೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಫೋನ್ ಬಂದ ಮೇಲೆ ಮೊದಲನೆಯದು ಬೆಳೆದಿದೆ, ಎರಡನೆಯದು ಸೊರಗಿದೆ. ವಿಶ್ವಸಂಸ್ಥೆ 1948ರಲ್ಲಿ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 19ನೇ ವಿಧಿಯಲ್ಲಿ ಮಾಹಿತಿಯನ್ನು ಹುಡುಕುವ, ಪಡೆಯುವ, ಹಂಚುವ ಹಕ್ಕಿನ ಮಾತಿದೆ. ಈ ಮೂರರಲ್ಲಿ ಹುಡುಕುವುದು ಮೊದಲು ಬರುತ್ತದೆ. ನಾವು ಪಡೆದ ಕೂಡಲೇ ಹಂಚುತ್ತಿದ್ದೇವೆ.

ಅದರ ಫಲ ಏನು ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1.26 ಲಕ್ಷ ಸುದ್ದಿಗಳನ್ನು ನೋಡಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮುಂದೆ ಕಳಿಸುವ ಸಾಧ್ಯತೆ ಶೇ. 70ರಷ್ಟು ಹೆಚ್ಚಿತ್ತು. ಇದು ಬಾಟ್‌ಗಳ, ಅಂದರೆ ತಾನಾಗೇ ಪೋಸ್ಟ್ ಹಾಕುವ ಪ್ರೋಗ್ರಾಂಗಳ ಕೆಲಸ ಇರಬಹುದು ಅಂತ ಅವನ್ನು ಬೇರ್ಪಡಿಸಿ ನೋಡಿದರೂ ಫಲ ಬದಲಾಗಲಿಲ್ಲ. ಕಳಿಸಿದವರು ಮನುಷ್ಯರೇ. ಸುಳ್ಳು ಸುದ್ದಿ ಹೊಸದಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ, ಆ ಅಚ್ಚರಿಯಲ್ಲೇ ಕೈ ಮುಂದೆ ಹೋಗುತ್ತದೆ.

ಹಾಗಾದರೆ ನೋಡುವುದು ಹೇಗೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಒಂದು ಪ್ರಯೋಗ ಮಾಡಿದ್ದರು. 10 ಇತಿಹಾಸಕಾರರು, ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವ 10 ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು, 25 ವಿದ್ಯಾರ್ಥಿಗಳು. ಎಲ್ಲರಿಗೂ ಒಂದಿಷ್ಟು ವೆಬ್‌ಸೈಟ್ ತೋರಿಸಿ ಇವು ನಂಬಿಕಸ್ತವೇ ಅಂತ ಕೇಳಿದರು. ಓದುವುದೇ ವೃತ್ತಿಯಾಗಿದ್ದ ಇತಿಹಾಸಕಾರರು ಸೈಟಿನಲ್ಲೇ ಕೂತು ಮೇಲಿಂದ ಕೆಳಗೆ ಗಮನವಿಟ್ಟು ಓದಿದರು. ಚಂದದ ಲೋಗೋ, ಗಂಭೀರ ಭಾಷೆ ಕಂಡು ಅವರಲ್ಲೂ ಹಲವರು ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಆ ಸೈಟನ್ನು ಬೇಗ ಬಿಟ್ಟು ಹೊರಗೆ ಹೋದರು. ಹೊಸ ಟ್ಯಾಬ್ ತೆರೆದು, ಈ ಸಂಸ್ಥೆ ಯಾರದ್ದು, ಹಣ ಎಲ್ಲಿಂದ ಬರುತ್ತದೆ, ಬೇರೆಯವರು ಇದರ ಬಗ್ಗೆ ಏನು ಹೇಳುತ್ತಾರೆ ಅಂತ ನೋಡಿದರು. ಕಡಿಮೆ ಓದಿ, ಬೇಗ ಸರಿಯಾದ ಉತ್ತರಕ್ಕೆ ಬಂದರು. ಮನುಷ್ಯನ ಗುಣ ಅವನನ್ನೇ ಕೇಳಿದರೆ ಗೊತ್ತಾಗುವುದಿಲ್ಲ, ಪಕ್ಕದವರನ್ನು ಕೇಳಬೇಕು ಅಂತ ನಮಗೆ ಮೊದಲಿಂದ ಗೊತ್ತು. ವೆಬ್‌ಸೈಟಿಗೂ ಅದೇ.

ನಾನೂ ಇದನ್ನು ದಿನಾ ಮಾಡುತ್ತೇನೆ. ನೋಟಿಸ್ ಅಂತ ಒಂದು ಕಾಗದ ಕಕ್ಷಿದಾರರ ಫೋನಿಗೆ ಬಂದಿರುತ್ತದೆ, ಮೇಲೆ ಸರ್ಕಾರಿ ಮುದ್ರೆ ಇರುತ್ತದೆ. ಅದರಲ್ಲಿ ಕೊಟ್ಟಿರುವ ನಂಬರಿಗೆ ನಾನು ಕರೆ ಮಾಡುವುದಿಲ್ಲ. ಆ ಇಲಾಖೆಯ ನಂಬರನ್ನು ಬೇರೆ ಕಡೆ ಹುಡುಕಿ ಕರೆ ಮಾಡುತ್ತೇನೆ. ಕಾಗದದಲ್ಲಿರುವ ನಂಬರ್ ಕಾಗದ ಬರೆದವನದ್ದೇ ಆಗಿರುತ್ತದೆ.

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಅಂತ ಹಿರಿಯರು ಹೇಳಿದ್ದು ಈಗ ಅಕ್ಷರಶಃ ಬೇಕಾಗಿದೆ. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನಿಂದ ಒಂದು ಸುದ್ದಿ ಬಂತು. ಒಂದು ಬಹುರಾಷ್ಟ್ರೀಯ ಕಂಪನಿಯ ಉದ್ಯೋಗಿಗೆ ಮುಖ್ಯ ಹಣಕಾಸು ಅಧಿಕಾರಿಯ ಹೆಸರಿನಲ್ಲಿ ಮೆಸೇಜು ಬಂದಿತ್ತು, ಗುಟ್ಟಾಗಿ ಹಣ ವರ್ಗಾಯಿಸಬೇಕು ಅಂತ. ಉದ್ಯೋಗಿಗೆ ಅನುಮಾನ ಬಂತು. ಬರಬೇಕಾದದ್ದೇ. ಆಮೇಲೆ ವಿಡಿಯೊ ಮೀಟಿಂಗಿಗೆ ಕರೆದರು. ಪರದೆಯ ಮೇಲೆ ಗೊತ್ತಿದ್ದ ಮುಖಗಳು, ಗೊತ್ತಿದ್ದ ದನಿಗಳು. ಅನುಮಾನ ಕರಗಿತು. 15 ಸಲ ಹಣ ಹೋಯಿತು, ಒಟ್ಟು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್. ಆ ಮುಖಗಳೆಲ್ಲ ಕಂಪ್ಯೂಟರಿನಲ್ಲಿ ಮಾಡಿದ ನಕಲಿ, ಅಂದರೆ ಡೀಪ್‌ಫೇಕ್. ಈ ಪ್ರಕರಣದಲ್ಲಿ ನನಗೆ ನೋವಾಗುವುದು ಆ ಮೊದಲ ಅನುಮಾನದ ಬಗ್ಗೆ. ಅದು ಸರಿಯಾಗೇ ಇತ್ತು. ಅದಕ್ಕೆ ಉತ್ತರ ಹುಡುಕಿದ್ದು ಮಾತ್ರ ವಂಚಕರೇ ತೋರಿಸಿದ ಪರದೆಯಲ್ಲಿ. ಮೀಟಿಂಗಿನಿಂದ ಹೊರಬಂದು, ತನ್ನ ಬಳಿ ಮೊದಲೇ ಇದ್ದ ನಂಬರಿಗೆ ಒಂದು ಕರೆ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆ ಹುಡುಗನ ಪ್ರಕರಣಕ್ಕೆ ಬರುತ್ತೇನೆ. ಹಣ ಕಳಕೊಂಡ ಮೂವರನ್ನು ನಾವು ಮತ್ತೆ ಮತ್ತೆ ಕೇಳಿದೆವು, ಏನೂ ಸಿಗಲಿಲ್ಲ. ಕಳಕೊಳ್ಳದವಳನ್ನು ಕೇಳಬೇಕು ಅಂತ ನನಗೆ ಹೊಳೆದದ್ದು ಎರಡು ದಿನ ಬಿಟ್ಟು. ಇವನಿಗೆ ಮೊದಲು ಫೋನ್ ಮಾಡಿದ್ದ ಆ ಗೆಳತಿಯನ್ನು ಬರಹೇಳಿದೆ. ಅವಳಿಗೂ ಅದೇ ಮೆಸೇಜು ಬಂದಿತ್ತು. "ಫೋನ್ ಮಾಡಬೇಡ ಅಂತ ಯಾಕೆ ಹೇಳ್ತಾನೆ ಅನ್ನಿಸ್ತು, ಅದಕ್ಕೇ ಮಾಡಿದೆ" ಅಂದಳು. ಇವನು ಕೆಲಸದಲ್ಲಿದ್ದ, ಆರಾಮಾಗಿದ್ದ.

ಅವಳ ಫೋನಿನಲ್ಲಿ ಚಾಟ್ ಹಾಗೇ ಇತ್ತು. ತಾರೀಕು, ಗಂಟೆ, ಅಕೌಂಟಿನ ಪೂರ್ತಿ ಲಿಂಕ್. ಅವತ್ತು ಸಂಜೆಯೇ ಅದನ್ನು ಪೊಲೀಸರ ದೂರಿಗೆ ಸೇರಿಸಿದೆವು. ಆ ಅಕೌಂಟಿಗೆ ಎಲ್ಲಿಂದ, ಯಾವಾಗ ಲಾಗಿನ್ ಆಗಿದ್ದಾರೆ ಅನ್ನೋ ದಾಖಲೆಯನ್ನು ಅಳಿಸದೆ ಇಟ್ಟಿರಬೇಕು ಅಂತ ಕಂಪನಿಗೆ ಬರೆದೆವು. ಅಂಥ ದಾಖಲೆಯನ್ನು ಕಂಪನಿಗಳು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ, ಕೇಳಲು ತಡವಾದರೆ ಸಿಗುವುದಿಲ್ಲ. ಇಟ್ಟುಕೊಂಡಿದ್ದೇವೆ ಅಂತ ಉತ್ತರ ಬಂತು.

ಮಿಕ್ಕವರೆಲ್ಲ ಅಳಿಸಿದರು, ನೀನು ಯಾಕೆ ಅಳಿಸಲಿಲ್ಲ ಅಂತ ಅವಳನ್ನು ಕೇಳಿದೆ.

"ಅದು ಯಾರು ಅಂತ ನನಗಿನ್ನೂ ಗೊತ್ತಾಗಿಲ್ವಲ್ಲ ಮೇಡಂ" ಅಂದಳು.